ಲಿಥಿಯಂ-ಅಯಾನ್ ಬ್ಯಾಟರಿ ಪ್ಯಾಕ್‌ಗಳ ಉಷ್ಣ ನಿರ್ವಹಣೆ

ಲಿಥಿಯಂ-ಅಯಾನ್ ಬ್ಯಾಟರಿ ಪ್ಯಾಕ್‌ಗಳ ಉಷ್ಣ ನಿರ್ವಹಣೆ ಎಂದರೆ, ಅನೇಕ ವಿದ್ಯುತ್ಕೋಶಗಳನ್ನು ಜೋಡಿಸಿ ತಯಾರಿಸಿದ ಬ್ಯಾಟರಿ ಪ್ಯಾಕ್‌ನೊಳಗೆ ಹುಟ್ಟುವ ಶಾಖವನ್ನು ಹೊರಹಾಕಿ, ಎಲ್ಲ ಕೋಶಗಳ ತಾಪಮಾನವನ್ನು ಸುರಕ್ಷಿತ ಮಿತಿಯೊಳಗೆ ಹಾಗೂ ಸಾಧ್ಯವಾದಷ್ಟು ಸಮನಾಗಿ ಇರಿಸುವ ತಾಂತ್ರಿಕ ವ್ಯವಸ್ಥೆ. ವಿದ್ಯುತ್ ಸ್ಕೂಟರು, ಕಾರು ಮತ್ತು ಬಸ್ಸುಗಳಲ್ಲಿ, ಸೌರವಿದ್ಯುತ್ ಸಂಗ್ರಹಾಗಾರಗಳಲ್ಲಿ ಹಾಗೂ ಇತ್ತೀಚಿನ ಮನೆಬಳಕೆಯ ಇನ್ವರ್ಟರುಗಳಲ್ಲಿ ಬಳಕೆಯಾಗುವ ಈ ಪ್ಯಾಕ್‌ಗಳು ಸಾಮಾನ್ಯವಾಗಿ 15ರಿಂದ 35 ಡಿಗ್ರಿ ಸೆಲ್ಸಿಯಸ್ ನಡುವೆ ಉತ್ತಮವಾಗಿ ಕೆಲಸ ಮಾಡುತ್ತವೆ. ಪ್ಯಾಕ್‌ನ ಆಯುಷ್ಯ, ವೇಗವಾಗಿ ಚಾರ್ಜ್ ಆಗುವ ಸಾಮರ್ಥ್ಯ ಮತ್ತು ಬೆಂಕಿಯ ಅಪಾಯ ಈ ಮೂರೂ ಉಷ್ಣ ನಿರ್ವಹಣೆಯನ್ನು ಅವಲಂಬಿಸಿವೆ.

ಕರ್ನಾಟಕದ ಉಡುಪಿ ಜಿಲ್ಲೆಯಂತಹ ಕರಾವಳಿ ಪ್ರದೇಶಗಳಲ್ಲಿ ಈ ಸಮಸ್ಯೆಗೆ ವಿಶೇಷ ರೂಪವಿದೆ. ಇಲ್ಲಿನ ಗಾಳಿ ಬಯಲುಸೀಮೆಯಷ್ಟು ಬಿಸಿಯಾಗುವುದಿಲ್ಲ. ಆದರೆ ರಾತ್ರಿಯಲ್ಲಿಯೂ ಹೆಚ್ಚು ತಣಿಯುವುದಿಲ್ಲ. ಜೊತೆಗೆ, ಶಾಖ ಸುಲಭವಾಗಿ ಹೊರಹೋಗಬಲ್ಲ ತೆರೆದ ದಾರಿಯೇ ಮಳೆನೀರು ಮತ್ತು ಉಪ್ಪುಗಾಳಿ ಒಳಬರುವ ದಾರಿಯೂ ಆಗುತ್ತದೆ.

ಶಾಖದ ಮೂಲ

ವಿದ್ಯುತ್ಕೋಶದಲ್ಲಿ ಶಾಖ ಮುಖ್ಯವಾಗಿ ಎರಡು ಬಗೆಯಲ್ಲಿ ಉಂಟಾಗುತ್ತದೆ. ಮೊದಲನೆಯದು ಕೋಶದ ಆಂತರಿಕ ರೋಧದಿಂದ ಉಂಟಾಗುವ ಶಾಖ. ಇದು ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಅಂದರೆ ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುತ್ತದೆ. ಎರಡನೆಯದು, ಲಿಥಿಯಂ ಅಯಾನುಗಳು ವಿದ್ಯುದಗ್ರದ ಪದರಗಳೊಳಗೆ ಸೇರುವಾಗ ಮತ್ತು ಅಲ್ಲಿಂದ ಹೊರಡುವಾಗ ಆಗುವ ಎಂಟ್ರೊಪಿ ಬದಲಾವಣೆಯಿಂದ ಬರುವಂಥದ್ದು. ಇದು ಕೆಲವು ಹಂತಗಳಲ್ಲಿ ಶಾಖವನ್ನು ಬಿಡುಗಡೆ ಮಾಡಿದರೆ ಇನ್ನು ಕೆಲವು ಹಂತಗಳಲ್ಲಿ ಹೀರಿಕೊಳ್ಳುತ್ತದೆ. ಈ ಎರಡನ್ನೂ ಒಳಗೊಂಡ ಶಾಖ ಸಮೀಕರಣವನ್ನು ಬರ್ನಾರ್ಡಿ, ಪಾವ್ಲಿಕೋವ್ಸ್ಕಿ ಮತ್ತು ನ್ಯೂಮನ್ 1985ರಲ್ಲಿ ಪ್ರಕಟಿಸಿದರು. ಬ್ಯಾಟರಿಗಳ ಉಷ್ಣ ಲೆಕ್ಕಾಚಾರಗಳಿಗೆ ಇಂದಿಗೂ ಅದೇ ಆಧಾರ.

ಕೋಶಗಳಲ್ಲದೆ ಅವುಗಳನ್ನು ಬೆಸೆಯುವ ಲೋಹದ ಪಟ್ಟಿಗಳು, ಬಸ್‌ಬಾರ್‌ಗಳು ಮತ್ತು ತಂತಿಯ ಜೋಡಣೆಗಳೂ ಬಿಸಿಯಾಗುತ್ತವೆ. ಒಂದು ಬೆಸುಗೆ ಸಡಿಲವಾಗಿದ್ದರೂ ಆ ಸ್ಥಳದಲ್ಲಿ ರೋಧ ಹೆಚ್ಚಿ, ಪಕ್ಕದ ಕೋಶ ಉಳಿದವುಗಳಿಗಿಂತ ಬೇಗ ಹಳತಾಗುತ್ತದೆ. ಹಳತಾದ ಕೋಶದ ಆಂತರಿಕ ರೋಧ ಮತ್ತಷ್ಟು ಹೆಚ್ಚುವುದರಿಂದ ಅದು ಇನ್ನೂ ಹೆಚ್ಚು ಬಿಸಿಯಾಗುತ್ತದೆ. ಈ ಕಾರಣದಿಂದಲೇ ಪ್ಯಾಕ್‌ನ ಸರಾಸರಿ ತಾಪಮಾನದಷ್ಟೇ ಕೋಶಗಳ ನಡುವಿನ ವ್ಯತ್ಯಾಸವೂ ಮುಖ್ಯವಾಗಿದ್ದು, ವಿನ್ಯಾಸಕಾರರು ಅದನ್ನು ಸಾಮಾನ್ಯವಾಗಿ 5 ಡಿಗ್ರಿಯೊಳಗೆ ಇರಿಸಲು ಯತ್ನಿಸುತ್ತಾರೆ.

ತಾಪಮಾನದ ಪರಿಣಾಮಗಳು

ಋಣಾಗ್ರದ ಗ್ರ್ಯಾಫೈಟ್ ಮೇಲೆ ಮೊದಲ ಚಾರ್ಜ್‌ಗಳಲ್ಲಿಯೇ ಒಂದು ತೆಳುವಾದ ರಕ್ಷಣಾ ಪೊರೆ ರೂಪುಗೊಳ್ಳುತ್ತದೆ. ಈ ಪೊರೆ ಇರುವುದರಿಂದಲೇ ಕೋಶ ಸ್ಥಿರವಾಗಿರುತ್ತದೆ. ತಾಪಮಾನ ಹೆಚ್ಚಿದಂತೆ ಪೊರೆ ದಪ್ಪವಾಗುತ್ತಾ ಹೋಗಿ, ಬಳಕೆಗೆ ಸಿಗಬೇಕಾದ ಲಿಥಿಯಂ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಸ್ಥೂಲವಾಗಿ, ತಾಪಮಾನ 10 ಡಿಗ್ರಿ ಏರಿದರೆ ಇಂತಹ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬ ನಿಯಮವನ್ನು ಇಲ್ಲಿಯೂ ಅನ್ವಯಿಸಲಾಗುತ್ತದೆ. ವಾಹನ ಓಡದೆ ನಿಂತಿದ್ದಾಗಲೂ ಈ ಕ್ರಿಯೆ ನಡೆಯುತ್ತಲೇ ಇರುತ್ತದೆ. ಪೂರ್ತಿ ಚಾರ್ಜ್ ಆದ ಬ್ಯಾಟರಿಯನ್ನು ಬಿಸಿಲಿನಲ್ಲಿ ದಿನಗಟ್ಟಲೆ ನಿಲ್ಲಿಸಿಡುವುದು ಓಡಿಸುವುದಕ್ಕಿಂತ ಹೆಚ್ಚು ಹಾನಿಕರವಾಗಬಹುದು.

ತೀರಾ ಕಡಿಮೆ ತಾಪಮಾನವೂ ಹಾನಿಕರ. ಶೂನ್ಯ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದಾಗ ಲಿಥಿಯಂ ಗ್ರ್ಯಾಫೈಟ್‌ನೊಳಗೆ ಸೇರದೆ ಅದರ ಮೇಲ್ಮೈಯಲ್ಲಿ ಲೋಹವಾಗಿ ಕೂರುತ್ತದೆ. ಕರಾವಳಿ ಕರ್ನಾಟಕದ ಮಟ್ಟಿಗೆ ಇದು ಪಠ್ಯಪುಸ್ತಕದ ವಿಷಯವಷ್ಟೇ.

ಬಿಸಿ ಪ್ರದೇಶದಲ್ಲಿ ತಂಪಾಗಿಸುವ ವ್ಯವಸ್ಥೆಯಿಲ್ಲದ ಬ್ಯಾಟರಿಗೆ ಏನಾಗುತ್ತದೆ ಎಂಬುದಕ್ಕೆ ನಿಸ್ಸಾನ್ ಲೀಫ್ ಕಾರು ಪ್ರಸಿದ್ಧ ಉದಾಹರಣೆ. 2010ರಲ್ಲಿ ಮಾರುಕಟ್ಟೆಗೆ ಬಂದ ಈ ಕಾರಿನ ಬ್ಯಾಟರಿಗೆ ದ್ರವ ಶೈತ್ಯೀಕರಣ ಇರಲಿಲ್ಲ. 2012ರ ವೇಳೆಗೆ ಅಮೆರಿಕದ ಅರಿಝೋನಾ ರಾಜ್ಯದ ಮಾಲೀಕರು ಬ್ಯಾಟರಿ ಸಾಮರ್ಥ್ಯ ಬೇಗನೆ ಕುಸಿಯುತ್ತಿದೆ ಎಂದು ದೂರಿದರು. ತಯಾರಕರು ಮುಂದೆ ಸಾಮರ್ಥ್ಯ ನಷ್ಟಕ್ಕೂ ಖಾತರಿ ನೀಡಬೇಕಾಯಿತು.

ಥರ್ಮಲ್ ರನ್‌ಅವೇ

ಕೋಶದೊಳಗಿನ ರಾಸಾಯನಿಕ ಕ್ರಿಯೆಗಳು ಹೊರಹೋಗುವ ಶಾಖಕ್ಕಿಂತ ಹೆಚ್ಚು ಶಾಖವನ್ನು ಉತ್ಪಾದಿಸಲಾರಂಭಿಸಿ, ತಾಪಮಾನ ಹತೋಟಿ ಮೀರಿ ತಾನಾಗಿಯೇ ಏರುತ್ತಾ ಹೋಗುವ ಸ್ಥಿತಿಯನ್ನು ಥರ್ಮಲ್ ರನ್‌ಅವೇ ಎನ್ನುತ್ತಾರೆ. ಸುಮಾರು 80ರಿಂದ 120 ಡಿಗ್ರಿಯ ನಡುವೆ ಋಣಾಗ್ರದ ರಕ್ಷಣಾ ಪೊರೆ ಒಡೆಯಲಾರಂಭಿಸುತ್ತದೆ. ಸುಮಾರು 130 ಡಿಗ್ರಿಯಲ್ಲಿ ಎರಡು ವಿದ್ಯುದಗ್ರಗಳನ್ನು ಬೇರ್ಪಡಿಸುವ ಪಾಲಿಎಥಿಲೀನ್ ಹಾಳೆ, ಸುಮಾರು 165 ಡಿಗ್ರಿಯಲ್ಲಿ ಪಾಲಿಪ್ರೊಪಿಲೀನ್ ಹಾಳೆ ಕರಗುತ್ತದೆ. ಆಗ ಋಣಾಗ್ರ ಮತ್ತು ಧನಾಗ್ರಗಳು ಒಂದಕ್ಕೊಂದು ತಾಗಿ ಒಳಗೇ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಇನ್ನೂ ಮೇಲೆ ಧನಾಗ್ರದ ವಸ್ತುವೇ ವಿಭಜನೆಗೊಳ್ಳುತ್ತದೆ. ನಿಕ್ಕಲ್-ಮ್ಯಾಂಗನೀಸ್-ಕೋಬಾಲ್ಟ್ ಬಗೆಯ ಕೋಶಗಳಲ್ಲಿ ಇದು ಸುಮಾರು 200 ಡಿಗ್ರಿಯ ಆಸುಪಾಸಿನಲ್ಲಿ ಆರಂಭವಾಗಿ ಆಮ್ಲಜನಕವನ್ನೂ ಬಿಡುಗಡೆ ಮಾಡುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬಗೆಯಲ್ಲಿ ಆಮ್ಲಜನಕ ಫಾಸ್ಫೇಟ್ ಬಂಧದಲ್ಲಿ ಬಿಗಿಯಾಗಿ ಹಿಡಿದಿರುವುದರಿಂದ ಅದು ಹೆಚ್ಚು ಸ್ಥಿರ. ಆದರೆ ಅದಕ್ಕೆ ಬೆಂಕಿ ಹತ್ತುವುದೇ ಇಲ್ಲ ಎಂಬ ಪ್ರಚಾರ ಸರಿಯಲ್ಲ. ಅದರ ವಿದ್ಯುದ್ವಿಭಾಜ್ಯ ದ್ರಾವಣವೂ ಸುಲಭವಾಗಿ ಉರಿಯುವ ಸಾವಯವ ದ್ರಾವಣವೇ.

ಒಂದು ಕೋಶದಲ್ಲಿ ಹುಟ್ಟಿದ ಈ ಕ್ರಿಯೆ ಪಕ್ಕದ ಕೋಶಕ್ಕೆ ದಾಟಿದರೆ ಪ್ಯಾಕ್ ಪೂರ್ತಿಯಾಗಿ ಉರಿಯುತ್ತದೆ. ಆದ್ದರಿಂದ ಪ್ಯಾಕ್ ವಿನ್ಯಾಸದಲ್ಲಿ ಪರಸ್ಪರ ವಿರುದ್ಧವಾದ ಎರಡು ಅಗತ್ಯಗಳಿವೆ: ದಿನನಿತ್ಯದ ಬಳಕೆಯಲ್ಲಿ ಶಾಖ ಕೋಶಗಳಿಂದ ಸರಾಗವಾಗಿ ಹರಿಯಬೇಕು, ಅವಘಡದಲ್ಲಿ ಒಂದು ಕೋಶದ ಶಾಖ ನೆರೆಯ ಕೋಶವನ್ನು ಮುಟ್ಟಬಾರದು. 2013ರ ಜನವರಿಯಲ್ಲಿ ಬೋಯಿಂಗ್ 787 ವಿಮಾನಗಳ ಬ್ಯಾಟರಿಗಳು ಕೆಟ್ಟು ವಿಮಾನಗಳೆಲ್ಲ ನೆಲಕ್ಕಿಳಿಯಬೇಕಾದಾಗ ಅನುಸರಿಸಿದ ಪರಿಹಾರ ಇದೇ ಎರಡನೆಯ ಬಗೆಯದು. ಕೋಶಗಳ ನಡುವೆ ನಿರೋಧಕಗಳನ್ನು ಸೇರಿಸಿ, ಇಡೀ ಬ್ಯಾಟರಿಯನ್ನು ಉಕ್ಕಿನ ಪೆಟ್ಟಿಗೆಯಲ್ಲಿರಿಸಿ, ಅನಿಲಗಳು ವಿಮಾನದ ಹೊರಕ್ಕೆ ಹೋಗುವಂತೆ ಕೊಳವೆ ಜೋಡಿಸಲಾಯಿತು.

ತಂಪಾಗಿಸುವ ವಿಧಾನಗಳು

ಅತ್ಯಂತ ಸರಳವಾದುದು ನಿಷ್ಕ್ರಿಯ ವಿಧಾನ. ಕೋಶಗಳ ಶಾಖ ಉಷ್ಣವಾಹಕ ಅಂಟು ಅಥವಾ ಹಾಳೆಯ ಮೂಲಕ ಅಲ್ಯೂಮಿನಿಯಂ ಪೆಟ್ಟಿಗೆಗೆ ಹರಿದು, ಪೆಟ್ಟಿಗೆಯ ಮೈಯಿಂದ ಗಾಳಿಗೆ ಸೇರುತ್ತದೆ. ಭಾರತದ ವಿದ್ಯುತ್ ಸ್ಕೂಟರುಗಳಲ್ಲಿ ಹೆಚ್ಚಿನವು ಈ ವಿಧಾನವನ್ನೇ ಅವಲಂಬಿಸಿವೆ. ಫ್ಯಾನ್ ಮೂಲಕ ಗಾಳಿ ಹಾಯಿಸುವುದು ಎರಡನೆಯ ವಿಧಾನ. ಇದು ಅಗ್ಗವಾದರೂ ಪೆಟ್ಟಿಗೆಯನ್ನು ತೆರೆದಿಡಬೇಕಾಗುತ್ತದೆ.

ಕಾರು ಮತ್ತು ಬಸ್ಸುಗಳಲ್ಲಿ ಗ್ಲೈಕಾಲ್ ಬೆರೆಸಿದ ನೀರನ್ನು ಲೋಹದ ತಟ್ಟೆಗಳ ಒಳಗಿನ ಕಾಲುವೆಗಳಲ್ಲಿ ಹರಿಸುವ ದ್ರವ ಶೈತ್ಯೀಕರಣ ಸಾಮಾನ್ಯವಾಗಿದೆ. 2008ರ ಟೆಸ್ಲಾ ರೋಡ್‌ಸ್ಟರ್ ಕಾರು ಲ್ಯಾಪ್‌ಟಾಪ್‌ಗಳಲ್ಲಿ ಬಳಸುವಂತಹ 6,831 ಸಣ್ಣ ಕೋಶಗಳನ್ನು ಹೀಗೆ ತಂಪಾಗಿಸಿ ಈ ವಿಧಾನಕ್ಕೆ ಹೆಸರು ತಂದಿತು. ಹವಾನಿಯಂತ್ರಕದ ಶೀತಕವನ್ನೇ ನೇರವಾಗಿ ತಟ್ಟೆಗೆ ಹಾಯಿಸುವುದು, ವಿದ್ಯುತ್ ಹರಿಯದ ಎಣ್ಣೆಯಲ್ಲಿ ಕೋಶಗಳನ್ನು ಮುಳುಗಿಸುವುದು ಇದರ ಮುಂದಿನ ರೂಪಗಳು.

ಪ್ಯಾರಾಫಿನ್ ಮೇಣದಂತಹ ವಸ್ತುಗಳನ್ನು ಕೋಶಗಳ ಸುತ್ತ ತುಂಬುವ ವಿಧಾನವೂ ಇದೆ. ಮೇಣ ಕರಗುವಾಗ ತನ್ನ ಗುಪ್ತೋಷ್ಣದ ರೂಪದಲ್ಲಿ ಶಾಖವನ್ನು ಹೀರಿ ತಾಪಮಾನವನ್ನು ತಡೆಹಿಡಿಯುತ್ತದೆ. ಆದರೆ ಹೀರಿದ ಶಾಖವನ್ನು ಅದು ಮತ್ತೆ ಎಲ್ಲಿಗಾದರೂ ಬಿಡಲೇಬೇಕು. ರಾತ್ರಿ ತಂಪಾಗದ ಊರಿನಲ್ಲಿ ಮೇಣ ಮರುದಿನದ ಹೊತ್ತಿಗೆ ಪೂರ್ತಿ ಗಟ್ಟಿಯಾಗದೆ ಉಳಿದರೆ ಅದರ ಪ್ರಯೋಜನ ಅಷ್ಟರಮಟ್ಟಿಗೆ ಕುಗ್ಗುತ್ತದೆ.

ಈ ಎಲ್ಲ ವಿಧಾನಗಳ ಹಿಂದೆ ಬ್ಯಾಟರಿ ನಿರ್ವಹಣಾ ವ್ಯವಸ್ಥೆ ಎಂಬ ಎಲೆಕ್ಟ್ರಾನಿಕ್ ಮಂಡಲವಿರುತ್ತದೆ. ಇದು ಥರ್ಮಿಸ್ಟರ್‌ಗಳ ಮೂಲಕ ತಾಪಮಾನವನ್ನು ಅಳೆದು, ಮಿತಿ ಸಮೀಪಿಸಿದಾಗ ಮೋಟರಿಗೆ ಹೋಗುವ ಪ್ರವಾಹವನ್ನು ತಗ್ಗಿಸುತ್ತದೆ ಅಥವಾ ಚಾರ್ಜಿಂಗನ್ನು ನಿಲ್ಲಿಸುತ್ತದೆ. ಏರುದಾರಿಯಲ್ಲಿ ಸ್ಕೂಟರು ಇದ್ದಕ್ಕಿದ್ದಂತೆ ನಿಧಾನವಾಗುವುದನ್ನು ಸವಾರರು ದೋಷವೆಂದು ಭಾವಿಸುವುದುಂಟು. ಬಹುಪಾಲು ಸಂದರ್ಭಗಳಲ್ಲಿ ಅದು ಈ ವ್ಯವಸ್ಥೆ ಬ್ಯಾಟರಿಯನ್ನೋ ಮೋಟರನ್ನೋ ರಕ್ಷಿಸುವ ಕ್ರಮ.

ಉಡುಪಿ ಜಿಲ್ಲೆಯ ಸಂದರ್ಭ

ಅರಬ್ಬೀ ಸಮುದ್ರ ಮತ್ತು ಪಶ್ಚಿಮ ಘಟ್ಟಗಳ ನಡುವಿನ ಉಡುಪಿ ಜಿಲ್ಲೆಯಲ್ಲಿ ವಾರ್ಷಿಕ ಮಳೆ ಸುಮಾರು 4,000 ಮಿಲಿಮೀಟರ್. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಬೇಸಿಗೆಯ ಹಗಲು 33–35 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕಲಬುರಗಿ, ರಾಯಚೂರುಗಳಲ್ಲಿ ಅದೇ ಸಮಯದಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ಆದರೆ ಮೇ ತಿಂಗಳ ಕರಾವಳಿಯ ರಾತ್ರಿಗಳೂ ಬೆವರು ಆರದಷ್ಟು ಬೆಚ್ಚಗಿರುವುದರಿಂದ ಹಗಲಿನಲ್ಲಿ ಬಿಸಿಯಾದ ಬ್ಯಾಟರಿಗೆ ವಿಶ್ರಾಂತಿ ಕಡಿಮೆ.

ಮುಚ್ಚಿದ ಪೆಟ್ಟಿಗೆಯ ಸ್ಕೂಟರ್ ಬ್ಯಾಟರಿಯೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಪೆಟ್ಟಿಗೆಯ ಮೇಲ್ಮೈ 0.3 ಚದರ ಮೀಟರ್, ನಿಶ್ಚಲ ಗಾಳಿಯಲ್ಲಿ ಪ್ರತಿ ಚದರ ಮೀಟರಿಗೆ ಡಿಗ್ರಿಯೊಂದಕ್ಕೆ 8 ವ್ಯಾಟ್ ಶಾಖ ಹೊರಹೋಗುತ್ತದೆ, ಪೆಟ್ಟಿಗೆಯೂ ಸೇರಿದಂತೆ ಪ್ಯಾಕ್‌ನ ತಾಪಮಾನವನ್ನು ಒಂದು ಡಿಗ್ರಿ ಏರಿಸಲು 18 ಕಿಲೋಜೂಲ್ ಬೇಕು ಎಂದಿಟ್ಟುಕೊಂಡರೆ, ಸುತ್ತಲಿನ ಗಾಳಿಗಿಂತ ಹೆಚ್ಚಿರುವ ತಾಪಮಾನದ ಮೂರನೇ ಎರಡು ಭಾಗದಷ್ಟು ಇಳಿಯಲು ಎರಡು ಗಂಟೆಗಿಂತ ಹೆಚ್ಚು ಸಮಯ ಬೇಕಾಗುತ್ತದೆ. ಮನೆಗೆ ಬಂದ ಕೂಡಲೇ ಚಾರ್ಜಿಗೆ ಹಾಕುವ ಬದಲು ಸ್ವಲ್ಪ ಹೊತ್ತು ಬಿಟ್ಟು ಹಾಕಬೇಕೆಂಬ ತಯಾರಕರ ಸಲಹೆಗೆ ಕಾರಣ ಇದೇ.

ಏರುದಾರಿ

ಉಡುಪಿ ಪೇಟೆಯಿಂದ ಮಣಿಪಾಲಕ್ಕೆ ಹೋಗುವ ರಸ್ತೆ ಗುಡ್ಡ ಏರುತ್ತದೆ. ಅದೇ ಹೆದ್ದಾರಿ ಮುಂದೆ ಹಿರಿಯಡ್ಕ, ಪೆರ್ಡೂರು, ಹೆಬ್ರಿ, ಸೋಮೇಶ್ವರಗಳ ಮೂಲಕ ಸಾಗಿ 14 ಕಡಿದಾದ ತಿರುವುಗಳ ಆಗುಂಬೆ ಘಾಟಿಯನ್ನು ಹತ್ತುತ್ತದೆ. ಕಾರ್ಕಳದಿಂದ ಬಜಗೋಳಿ, ಮಾಳದ ಮೂಲಕ ಕುದುರೆಮುಖದ ಕಡೆಗೆ ಹೋಗುವ ದಾರಿಯೂ ಘಟ್ಟವನ್ನೇ ಏರುತ್ತದೆ. ಇಂತಹ ಏರಿನಲ್ಲಿ ಬ್ಯಾಟರಿಯ ಮೇಲೆ ಬೀಳುವ ಹೊರೆಯನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಇಬ್ಬರು ಸವಾರರೂ ಸೇರಿ 250 ಕಿಲೋಗ್ರಾಂ ತೂಕದ ಸ್ಕೂಟರು 500 ಮೀಟರ್ ಎತ್ತರಕ್ಕೆ ಏರಲು ಗುರುತ್ವದ ವಿರುದ್ಧ ಮಾಡುವ ಕೆಲಸವೇ ಸುಮಾರು 0.34 ಕಿಲೋವ್ಯಾಟ್-ಗಂಟೆ. ಇದು 3 ಕಿಲೋವ್ಯಾಟ್-ಗಂಟೆ ಸಾಮರ್ಥ್ಯದ ಬ್ಯಾಟರಿಯ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು.

ಏರು ಮುಗಿಯಲು 20 ನಿಮಿಷ ಹಿಡಿದು, ರಸ್ತೆಯ ಘರ್ಷಣೆ, ಗಾಳಿಯ ತಡೆ ಮತ್ತು ಮೋಟರಿನ ನಷ್ಟಗಳೂ ಸೇರಿ 51 ವೋಲ್ಟ್ ಪ್ಯಾಕ್‌ನಿಂದ ಸರಾಸರಿ 40 ಆಂಪಿಯರ್ ಪ್ರವಾಹ ಹರಿಯಿತು ಎಂದಿರಲಿ. ಪ್ಯಾಕ್‌ನ ರೋಧ 50 ಮಿಲಿಓಮ್ ಆದರೆ ಒಳಗೆ 80 ವ್ಯಾಟ್ ಶಾಖ ಹುಟ್ಟುತ್ತದೆ. ಒಟ್ಟು 13 ಕಿಲೋಗ್ರಾಂ ತೂಕದ ಕೋಶಗಳಲ್ಲಿ ಅಷ್ಟೂ ಶಾಖ ಉಳಿದರೆ ತಾಪಮಾನ ಸುಮಾರು 7 ಡಿಗ್ರಿ ಏರುತ್ತದೆ. 34 ಡಿಗ್ರಿಯಲ್ಲಿ ಹೊರಟ ಬ್ಯಾಟರಿ 41 ಡಿಗ್ರಿಗೆ ತಲುಪುತ್ತದೆ. ಹೊಸ ಬ್ಯಾಟರಿಗೆ ಇದು ಅಪಾಯವಲ್ಲ. ಆದರೆ ಹಳೆಯದಾಗಿ ರೋಧ ಇಮ್ಮಡಿಯಾದ ಪ್ಯಾಕ್‌ನಲ್ಲಿ ಅದೇ ದಾರಿಗೆ ಏರಿಕೆ 14 ಡಿಗ್ರಿಯ ಸಮೀಪಕ್ಕೆ ಬರುತ್ತದೆ. ಮೊದಲ ವರ್ಷ ತಡೆಯಿಲ್ಲದೆ ಘಟ್ಟ ಏರಿದ ವಾಹನ ಕೆಲವು ವರ್ಷಗಳ ಬಳಿಕ ಅರ್ಧದಾರಿಯಲ್ಲೇ ನಿಧಾನವಾಗುವುದಕ್ಕೆ ಇದೂ ಒಂದು ಕಾರಣ.

ಇಳಿಯುವಾಗ ಮೋಟರು ಜನರೇಟರಿನಂತೆ ವರ್ತಿಸಿ ಬ್ಯಾಟರಿಗೆ ಮರಳಿ ವಿದ್ಯುತ್ ತುಂಬುತ್ತದೆ. ಇದೂ ಚಾರ್ಜಿಂಗ್ ಆದುದರಿಂದ ಶಾಖ ಹುಟ್ಟುತ್ತದೆ. ಆಗುಂಬೆಯಲ್ಲಿ ಪೂರ್ತಿ ಚಾರ್ಜ್ ಮಾಡಿಕೊಂಡು ಕೆಳಗಿಳಿಯುವ ವಾಹನದ ಬ್ಯಾಟರಿಯಲ್ಲಿ ಈ ವಿದ್ಯುತ್ತಿಗೆ ಜಾಗವೇ ಇರುವುದಿಲ್ಲ. ಆಗ ಹೊರೆಯೆಲ್ಲ ಬ್ರೇಕುಗಳ ಮೇಲೆ ಬೀಳುತ್ತದೆ.

ಉಪ್ಪುಗಾಳಿ ಮತ್ತು ಮಳೆ

ಕಾಪು, ಪಡುಬಿದ್ರಿ, ಮಲ್ಪೆಯಂತಹ ಕಡಲತಡಿಯ ಊರುಗಳಲ್ಲಿ ಗಾಳಿಯಲ್ಲಿನ ಉಪ್ಪಿನ ಕಣಗಳು ತಾಮ್ರ, ನಿಕ್ಕಲ್ ಲೇಪಿತ ಉಕ್ಕು ಮತ್ತು ಅಲ್ಯೂಮಿನಿಯಂಗಳನ್ನು ಸವೆಸುತ್ತವೆ. ಜೋಡಣೆಗಳಲ್ಲಿ ತುಕ್ಕು ಹಿಡಿದರೆ ರೋಧ ಹೆಚ್ಚುತ್ತದೆ. ರೋಧ ಹೆಚ್ಚಿದರೆ ಶಾಖ ಹೆಚ್ಚುತ್ತದೆ. ಈ ದೃಷ್ಟಿಯಿಂದ ಹೊರಗಾಳಿಯನ್ನು ಫ್ಯಾನ್ ಮೂಲಕ ನೇರವಾಗಿ ಕೋಶಗಳ ಮೇಲೆ ಹಾಯಿಸುವ ವಿಧಾನ ಕಡಲತಡಿಗೆ ಹೊಂದುವಂಥದ್ದಲ್ಲ. ಪೆಟ್ಟಿಗೆಯನ್ನು ಬಿಗಿಯಾಗಿ ಮುಚ್ಚುವುದೊಂದೇ ದಾರಿ. ಹಾಗೆ ಮುಚ್ಚಿದಾಗ ಶಾಖಕ್ಕೆ ಲೋಹದ ಗೋಡೆಯ ಮೂಲಕವಲ್ಲದೆ ಬೇರೆ ಹಾದಿ ಉಳಿಯುವುದಿಲ್ಲ.

ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯೂ ಉಸಿರಾಡುತ್ತದೆ. ಬಿಸಿಲಿನಲ್ಲಿ ಓಡಿ ಬಿಸಿಯಾದ ಪ್ಯಾಕ್ ಮೇಲೆ ಮುಂಗಾರಿನ ಮಳೆ ಸುರಿದಾಗ ಒಳಗಿನ ಗಾಳಿ ಕುಗ್ಗಿ ಒತ್ತಡ ಇಳಿಯುತ್ತದೆ. ಗ್ಯಾಸ್ಕೆಟ್ ಸವೆದಿದ್ದರೆ ತೇವ ಒಳಕ್ಕೆ ಸೆಳೆಯಲ್ಪಡುತ್ತದೆ. ಇದನ್ನು ತಪ್ಪಿಸಲು ಗಾಳಿಯನ್ನು ಬಿಟ್ಟು ನೀರನ್ನು ತಡೆಯುವ ಪೊರೆಯುಳ್ಳ ಸಣ್ಣ ಕಿಂಡಿಯನ್ನು ಪೆಟ್ಟಿಗೆಗೆ ಅಳವಡಿಸಲಾಗುತ್ತದೆ. ಪೆಟ್ಟಿಗೆಯನ್ನು ಬಿಚ್ಚಿ ದುರಸ್ತಿ ಮಾಡಿದ ಬಳಿಕ ಗ್ಯಾಸ್ಕೆಟ್ ಬದಲಿಸದೆ ಮುಚ್ಚಿದ ಪ್ಯಾಕ್ ಮಳೆಗಾಲಕ್ಕೆ ಯೋಗ್ಯವಲ್ಲ.

ಆರ್ದ್ರತೆ ದ್ರವ ಶೈತ್ಯೀಕರಣಕ್ಕೂ ಮಿತಿ ಹಾಕುತ್ತದೆ. ಗಾಳಿ 33 ಡಿಗ್ರಿಯಲ್ಲಿದ್ದು ಸಾಪೇಕ್ಷ ಆರ್ದ್ರತೆ ಶೇಕಡಾ 70 ಇದ್ದರೆ ಇಬ್ಬನಿ ಬಿಂದು ಸುಮಾರು 27 ಡಿಗ್ರಿ. ತಂಪಿನ ತಟ್ಟೆ ಅದಕ್ಕಿಂತ ತಣ್ಣಗಾದರೆ, ತಣ್ಣೀರಿನ ಲೋಟದ ಹೊರಮೈಯಲ್ಲಿ ಹನಿಗಟ್ಟುವಂತೆ, ಒಳಸೇರಿದ ತೇವಗಾಳಿಯ ನೀರು ಅದರ ಮೇಲೆ ಹನಿಯಾಗುತ್ತದೆ. ಒಣಹವೆಯ ಊರಿನಲ್ಲಿ 20 ಡಿಗ್ರಿಯ ದ್ರವ ಹರಿಸಿದರೆ ತೊಂದರೆಯಿಲ್ಲ. ಕಾಪುವಿನಲ್ಲಿ ಹಾಗೆ ಮಾಡಬೇಕಾದರೆ ಒಳಗಾಳಿಯ ತೇವ ಹೀರುವ ವಸ್ತುವೂ ಪೆಟ್ಟಿಗೆಯಲ್ಲಿರಬೇಕು.

2020ರ ಸೆಪ್ಟೆಂಬರ್‌ನಲ್ಲಿ ಭಾರೀ ಮಳೆಯಿಂದ ಉಡುಪಿ ನಗರದ ತಗ್ಗು ಪ್ರದೇಶಗಳು ಜಲಾವೃತವಾಗಿದ್ದವು. ನೆರೆನೀರಿನಲ್ಲಿ ಮುಳುಗಿದ ವಾಹನದ ಬ್ಯಾಟರಿ, ಹೊರಗೆ ಒಣಗಿದಂತೆ ಕಂಡರೂ, ಪರೀಕ್ಷಿಸದೆ ಚಾರ್ಜ್ ಮಾಡಲು ಸುರಕ್ಷಿತವಲ್ಲ. ಉಪ್ಪುನೀರು ವಿದ್ಯುದ್ವಾಹಕವಾದುದರಿಂದ ಕಡಲತಡಿಯಲ್ಲಿ ಈ ಅಪಾಯ ಹೆಚ್ಚು. 2022ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಇಯಾನ್ ಚಂಡಮಾರುತದ ಉಪ್ಪುನೀರಿನಲ್ಲಿ ಮುಳುಗಿದ್ದ ಕೆಲವು ವಿದ್ಯುತ್ ಕಾರುಗಳಿಗೆ ನೀರು ಇಳಿದ ನಂತರ ಬೆಂಕಿ ಹತ್ತಿಕೊಂಡಿತ್ತು.

ಶಿಕ್ಷಣ ಸಂಸ್ಥೆಗಳು

1957ರಲ್ಲಿ ಸ್ಥಾಪನೆಯಾದ ಮಣಿಪಾಲ ತಾಂತ್ರಿಕ ವಿದ್ಯಾಲಯದಲ್ಲಿ ಸೋಲಾರ್‌ಮೊಬಿಲ್ ಎಂಬ ವಿದ್ಯಾರ್ಥಿ ತಂಡ ಸೌರವಿದ್ಯುತ್ ಕಾರುಗಳನ್ನು ನಿರ್ಮಿಸುತ್ತಾ ಬಂದಿದೆ. ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ 1986ರಲ್ಲಿ ಆರಂಭವಾದ ಎನ್‌ಎಂಎಎಂ ತಾಂತ್ರಿಕ ವಿದ್ಯಾಲಯ ಜಿಲ್ಲೆಯ ಮತ್ತೊಂದು ಪ್ರಮುಖ ಎಂಜಿನಿಯರಿಂಗ್ ಕಾಲೇಜು.

ಕರ್ನಾಟಕದಲ್ಲಿ ಬೆಳವಣಿಗೆ

ಭಾರತದ ಮೊದಲ ವಿದ್ಯುತ್ ಕಾರುಗಳಲ್ಲೊಂದಾದ ರೇವಾ 2001ರಲ್ಲಿ ಬೆಂಗಳೂರಿನಿಂದ ಮಾರುಕಟ್ಟೆಗೆ ಬಂದಾಗ ಅದರಲ್ಲಿದ್ದುದು ಸೀಸ-ಆಮ್ಲ ಬ್ಯಾಟರಿ. 2009ರಲ್ಲಿ ಲಿಥಿಯಂ-ಅಯಾನ್ ಆವೃತ್ತಿ ಬಂದಿತು. 2017ರಲ್ಲಿ ಕರ್ನಾಟಕ ವಿದ್ಯುತ್ ವಾಹನ ನೀತಿಯನ್ನು ಪ್ರಕಟಿಸಿತು. ದೇಶದಲ್ಲಿ ಇಂತಹ ನೀತಿ ರೂಪಿಸಿದ ಮೊದಲ ರಾಜ್ಯ ಇದು. 2013ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಏಥರ್ ಎನರ್ಜಿ 2018ರಲ್ಲಿ ತನ್ನ ಸ್ಕೂಟರನ್ನು ಬಿಡುಗಡೆ ಮಾಡಿತು. ಅದರ ಪ್ಯಾಕ್ ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ಮುಚ್ಚಿದ, ಫ್ಯಾನ್ ಅಥವಾ ದ್ರವ ಶೈತ್ಯೀಕರಣವಿಲ್ಲದ ಬಗೆಯದು.

ಬೆಂಗಳೂರಿನದೇ ಎಕ್ಸ್‌ಪೊನೆಂಟ್ ಎನರ್ಜಿ ಸಂಸ್ಥೆಯ ಮಾರ್ಗ ಭಿನ್ನವಾಗಿದೆ. 15 ನಿಮಿಷಗಳಲ್ಲಿ ಚಾರ್ಜ್ ಮಾಡುವ ಗುರಿಯ ಈ ವ್ಯವಸ್ಥೆಯಲ್ಲಿ ಚಾರ್ಜಿಂಗ್ ಕೇಂದ್ರವೇ ವಿದ್ಯುತ್ತಿನ ಜೊತೆಗೆ ತಣ್ಣೀರನ್ನೂ ವಾಹನದ ಬ್ಯಾಟರಿಗೆ ಹಾಯಿಸುತ್ತದೆ. ಶಾಖ ಅತಿ ಹೆಚ್ಚು ಹುಟ್ಟುವುದು ವೇಗದ ಚಾರ್ಜಿಂಗ್ ಸಮಯದಲ್ಲಿ. ಆ ಸಮಯದಲ್ಲಿ ವಾಹನ ನಿಂತಿರುತ್ತದೆ. ಆದ್ದರಿಂದ ತಂಪಾಗಿಸುವ ಯಂತ್ರದ ಭಾರವನ್ನು ವಾಹನ ದಿನವಿಡೀ ಹೊತ್ತು ತಿರುಗಬೇಕಾಗಿಲ್ಲ.

ಭಾರತೀಯ ಮಾನದಂಡಗಳು

2022ರ ಮಾರ್ಚ್ ಮತ್ತು ಏಪ್ರಿಲ್‌ಗಳಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿಕೊಂಡ ಘಟನೆಗಳು ವರದಿಯಾದವು. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ ನೇಮಿಸಿದ ತಜ್ಞರ ಸಮಿತಿಯ ಶಿಫಾರಸುಗಳ ಮೇರೆಗೆ, ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳ ಎಐಎಸ್-156 ಮಾನದಂಡವನ್ನೂ ಕಾರು-ಬಸ್ಸುಗಳ ಎಐಎಸ್-038 ಮಾನದಂಡವನ್ನೂ ತಿದ್ದಲಾಯಿತು. ತಿದ್ದುಪಡಿಗಳು 2022ರ ಡಿಸೆಂಬರ್ 1 ಮತ್ತು 2023ರ ಮಾರ್ಚ್ 31ರಿಂದ ಎರಡು ಹಂತಗಳಲ್ಲಿ ಜಾರಿಗೆ ಬಂದವು.

ಒಂದು ಕೋಶದ ಥರ್ಮಲ್ ರನ್‌ಅವೇ ಪ್ಯಾಕ್‌ನ ಉಳಿದ ಭಾಗಕ್ಕೆ ಹರಡುವುದನ್ನು ಪರಿಶೀಲಿಸುವ ಪರೀಕ್ಷೆ, ಸವಾರನಿಗೆ ಮುನ್ನೆಚ್ಚರಿಕೆ, ಕೋಶಗಳ ಮೇಲೆ ತಯಾರಿಕೆಯ ದಿನಾಂಕ ಇವು ಈ ತಿದ್ದುಪಡಿಗಳ ಮುಖ್ಯ ಅಂಶಗಳು. ದ್ವಿಚಕ್ರ ವಾಹನಗಳ ಪ್ಯಾಕ್ ಐಪಿಎಕ್ಸ್7 ಮಟ್ಟದ ಜಲನಿರೋಧ, ಅಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ಮುಳುಗಿದರೂ ತಾಳುವ ಗುಣ, ಹೊಂದಿರಬೇಕು. ಈ ಪರೀಕ್ಷೆ ಹೊಸ ಪ್ಯಾಕ್‌ಗೆ ಸಂಬಂಧಿಸಿದ್ದು. ಐದಾರು ಮಳೆಗಾಲ ಕಳೆದ ಗ್ಯಾಸ್ಕೆಟ್‌ನ ಸ್ಥಿತಿಯನ್ನು ಅದು ಹೇಳುವುದಿಲ್ಲ.

ಬೆಂಕಿ ಮತ್ತು ಅಗ್ನಿಶಮನ

ಥರ್ಮಲ್ ರನ್‌ಅವೇಯ ಮೊದಲ ಹೊರಗುರುತು ಹಲವು ಬಾರಿ ಜ್ವಾಲೆಯಲ್ಲ, ಸಿಡಿಯುವ ಸದ್ದು ಮತ್ತು ದಟ್ಟ ಬಿಳಿ ಹೊಗೆ. ನೋಡುವವರು ಇದನ್ನು ಹಬೆಯೆಂದು ತಪ್ಪಾಗಿ ತಿಳಿಯುವ ಸಾಧ್ಯತೆಯಿದೆ. ಇದರಲ್ಲಿ ಹೈಡ್ರೋಜನ್, ಕಾರ್ಬನ್ ಮೊನಾಕ್ಸೈಡ್ ಹಾಗೂ ಹೈಡ್ರೋಕಾರ್ಬನ್ ಅನಿಲಗಳಿದ್ದು ಮುಚ್ಚಿದ ಕೋಣೆಯಲ್ಲಿ ಸ್ಫೋಟಿಸಬಲ್ಲವು. ವಿಷಕಾರಿಯಾದ ಹೈಡ್ರೋಜನ್ ಫ್ಲೋರೈಡ್ ಕೂಡ ಇರುತ್ತದೆ. ಮನೆಯೊಳಗೆ, ಮಹಡಿಯ ಮೆಟ್ಟಿಲ ಬುಡದಲ್ಲಿ ಅಥವಾ ಹೊರಬರುವ ಒಂದೇ ಬಾಗಿಲಿನ ಬಳಿ ಸ್ಕೂಟರನ್ನು ಚಾರ್ಜಿಗೆ ಹಾಕುವುದು ಈ ಕಾರಣದಿಂದ ಅಪಾಯಕಾರಿ.

ಒಣಪುಡಿ, ಇಂಗಾಲದ ಡೈಆಕ್ಸೈಡ್ ಅಥವಾ ಮರಳು ಜ್ವಾಲೆಯನ್ನು ತಾತ್ಕಾಲಿಕವಾಗಿ ನಂದಿಸಬಹುದು, ಆದರೆ ಕೋಶಗಳನ್ನು ತಣಿಸುವುದಿಲ್ಲ. ತಣಿಸಲು ಬೇಕಾದುದು ಧಾರಾಳವಾದ ನೀರು. ವಿಪರ್ಯಾಸವೆಂದರೆ ಮಳೆನೀರನ್ನು ತಡೆಯಲು ಬಿಗಿಯಾಗಿ ಮುಚ್ಚಿದ ಪೆಟ್ಟಿಗೆ ಅಗ್ನಿಶಾಮಕರ ನೀರನ್ನೂ ತಡೆಯುತ್ತದೆ. ಒಳಗಿನ ಕೋಶಗಳಿಗೆ ನೀರು ತಲುಪದೆ ಹೊರಮೈ ಮಾತ್ರ ತಣಿಯುತ್ತದೆ. ಆರಿದ ಬೆಂಕಿ ಗಂಟೆಗಳ ಬಳಿಕ, ಕೆಲವೊಮ್ಮೆ ಮರುದಿನವೂ ಮತ್ತೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಸುಟ್ಟ ವಾಹನವನ್ನು ಕಟ್ಟಡಗಳಿಂದ ಮತ್ತು ಇತರ ವಾಹನಗಳಿಂದ ದೂರ, ಬಯಲಿನಲ್ಲಿ ಇರಿಸಲಾಗುತ್ತದೆ.